ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ಸದ್ದು: ಸಹಿಸಬೇಕೇ, ಹೇಳಬೇಕೇ?

ಪ್ರಶ್ನೆ: ಕೆಲಸದ ನಿಮಿತ್ತ ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ನಿತ್ಯವೂ ಬಸ್ಸಿನಲ್ಲಿ ಓಡಾಡುತ್ತೇನೆ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತು ಹರಟುತ್ತಿದ್ದರೆ ನನಗೆ ನಿದ್ದೆಯೇ ಬಂದುಬಿಡುತ್ತದೆ. ಅದೇ ಒಬ್ಬರು ಮೊಬೈಲಿನಲ್ಲಿ ಮಾತಾಡತೊಡಗಿದರೆ, ಇಲ್ಲವೇ ಸ್ಪೀಕರ್ ಹಾಕಿಕೊಂಡು ವಿಡಿಯೊ ನೋಡತೊಡಗಿದರೆ ತಲೆ ಚಿಟ್ಟು ಹಿಡಿಯುತ್ತದೆ. ಇದು ನನ್ನೊಬ್ಬನ ಅಸಹನೆಯೇ? ಅವರಿಗೆ ಹೇಳುವ ಹಕ್ಕು ನನಗಿದೆಯೇ?

ಉತ್ತರ: ಅಸಹನೆಯಲ್ಲ. ಇಬ್ಬರ ಹರಟೆಗೆ ನಿದ್ದೆ ಬಂದು, ಒಬ್ಬರ ಫೋನಿಗೆ ಎಚ್ಚರವಾಗುವುದಕ್ಕೆ ಕಾರಣವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಮನವಿಟ್ಟು ಮಾಡಬೇಕಾದ ಕೆಲಸಕ್ಕೆ ಕೆಲವರನ್ನು ಕೂರಿಸಿ ಅವರ ಕಿವಿಗೆ ಬೇರೆಯವರ ಮಾತು ಬೀಳುವಂತೆ ಮಾಡಲಾಯಿತು. ಸಂಭಾಷಣೆ ಎರಡೂ ಕಡೆಯಿಂದ ಕೇಳಿಸಿದಾಗ ಅವರ ಕೆಲಸ ಕೆಡಲಿಲ್ಲ, ಒಂದೇ ಕಡೆಯ ಮಾತು ಕೇಳಿಸಿದಾಗ ಕೆಟ್ಟಿತು. ಮುಂದಿನ ಮಾತು ಏನಿರಬಹುದೆಂದು ನಮ್ಮ ಮನಸ್ಸು ತಾನಾಗಿಯೇ ಊಹಿಸುತ್ತಿರುತ್ತದೆ. ಅರ್ಧ ಸಂಭಾಷಣೆಯಲ್ಲಿ ಆ ಊಹೆಗೆ ಆಧಾರವೇ ಸಿಗುವುದಿಲ್ಲ. “ಅಯ್ಯೋ, ಯಾವಾಗ?” ಎಂದು ಪಕ್ಕದವರು ಉದ್ಗರಿಸುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರತ್ತೆ ಏನಂದ್ರಂತೆ?” ಎನ್ನುತ್ತಾರೆ. ಯಾರ ಅತ್ತೆ, ಏನಾಯಿತು ಎಂಬುದು ನಮಗೆ ಬೇಕಿಲ್ಲದ ವಿಚಾರವೇ ಆದರೂ ಮನಸ್ಸು ಅದರ ಬೆನ್ನು ಹತ್ತಿ ಹೋಗಿರುತ್ತದೆ.

ಇನ್ನು ಅಷ್ಟು ಗಟ್ಟಿಯಾಗಿ ಏಕೆ ಮಾತಾಡುತ್ತಾರೆ ಎಂಬುದನ್ನೂ ನೋಡಬೇಕು. ಸುತ್ತಲ ಸದ್ದು ಹೆಚ್ಚಾದಂತೆ ಮನುಷ್ಯ ತನಗೆ ತಿಳಿಯದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದರು. ಏರುದಾರಿಯಲ್ಲಿ ಎಂಜಿನ್ನಿನ ಮೊರೆತ, ಕಿಟಕಿಯ ಗಾಳಿ, ಗಡಗಡಿಸುವ ಗಾಜು ಇವೆಲ್ಲದರ ನಡುವೆ ಕೂತವರಿಗೆ ತಮ್ಮ ಮಾತು ತಮಗೇ ಸರಿಯಾಗಿ ಕೇಳುವುದಿಲ್ಲ. ಅತ್ತಲಿನವರಿಗೂ ಕೇಳುತ್ತಿಲ್ಲವೆಂದು ಭಾವಿಸಿ ಕೂಗುತ್ತಾರೆ. ಮೈಕು ಬಾಯಿಯ ಪಕ್ಕದಲ್ಲೇ ಇರುವುದರಿಂದ ಮೆಲ್ಲಗೆ ಆಡಿದ್ದೂ ಬಹುಮಟ್ಟಿಗೆ ಅತ್ತ ತಲುಪುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಸಿಗ್ನಲ್ ಕೈಕೊಡುವ ತಿರುವು ಬಂದರಂತೂ “ಹಲೋ, ಹಲೋ” ಎಂಬ ಕೂಗು ಡ್ರೈವರಿನವರೆಗೂ ಮುಟ್ಟುತ್ತದೆ, ಆದರೆ ಸಿಗ್ನಲ್ಲಿಲ್ಲದ ಮೇಲೆ ಎಷ್ಟು ಕೂಗಿದರೂ ಅಷ್ಟೇ.

ಆದ್ದರಿಂದ ಗಟ್ಟಿಯಾಗಿ ಮಾತಾಡುವವರನ್ನೂ ಸ್ಪೀಕರ್ ಹಾಕಿ ವಿಡಿಯೊ ನೋಡುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿರುವವರ ಸುದ್ದಿಯೋ, ಕಾಫಿ ಕೊಯ್ಲಿಗೆ ಆಳು ಬಂದರೋ ಇಲ್ಲವೋ ಎಂಬ ವಿಚಾರಣೆಯೋ ಬಸ್ಸು ಇಳಿಯುವವರೆಗೆ ಕಾಯಲಾರದು. ಎರಡು ನಿಮಿಷ ಸಹಿಸಿದರೆ ಮುಗಿಯುತ್ತದೆ. ಹತ್ತಿಪ್ಪತ್ತು ಸೆಕೆಂಡಿನ ರೀಲ್ಸನ್ನು ಒಂದರ ಹಿಂದೊಂದು ಸರಿಸುತ್ತಾ, ಅದೇ ಹಾಡಿನ ತುಣುಕನ್ನೂ ಅದೇ ಹುಸಿನಗೆಯನ್ನೂ ಇಡೀ ಬಸ್ಸಿಗೆ ಕೇಳಿಸುವವರಿಗೆ ಅಂಥ ತುರ್ತೇನೂ ಇಲ್ಲ. ಇಯರ್‌ಫೋನ್ ಮರೆತು ಬಂದಿದ್ದರೆ ಸದ್ದು ಆರಿಸಿಕೊಂಡು ನೋಡಲಿ.

ಹಕ್ಕಿನ ಪ್ರಶ್ನೆಗೆ ಉತ್ತರ ನೇರವಾಗಿದೆ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು, ಹೈಕೋರ್ಟಿನ ನಿರ್ದೇಶನದ ಮೇರೆಗೆ, 2021ರ ನವೆಂಬರಿನಲ್ಲೇ ನಿಷೇಧಿಸಲಾಗಿದೆ. ಕಂಡಕ್ಟರು ಮೊದಲು ವಿನಂತಿಸಬೇಕು. ಕೇಳದವರನ್ನು ಬಸ್ಸಿನಿಂದ ಇಳಿಸಬಹುದು, ಟಿಕೆಟ್ಟಿನ ಹಣವನ್ನು ಮರಳಿಸಬೇಕಾಗಿಲ್ಲ. ಈ ಸುತ್ತೋಲೆ ನಿಗಮದ್ದಾದ್ದರಿಂದ ಖಾಸಗಿ ಬಸ್ಸಿಗೆ ಅನ್ವಯಿಸದು. ಅಂಥ ಬಸ್ಸುಗಳಲ್ಲಿ ಕೆಲವೊಮ್ಮೆ ಡ್ರೈವರೇ ಸಿನಿಮಾ ಹಾಡುಗಳನ್ನು ಜೋರಾಗಿ ಹಾಕಿರುವುದರಿಂದ ಪಕ್ಕದವರ ಮೊಬೈಲು ಕೇಳಿಸುವುದೂ ಇಲ್ಲ!

ಆದರೂ ನಿಯಮದಿಂದ ಮಾತು ಆರಂಭಿಸಬೇಡಿ. “ಬಸ್ಸೇನು ನಿಮ್ಮ ಮನೆಯಾ?” ಎಂದು ಕೇಳಿದರೆ “ನಿಮ್ಮದಾ?” ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ, ಅಲ್ಲಿಂದ ಮುಂದೆ ಜಗಳವೇ. ಹಿರಿಯರಾದರೆ “ಯಜಮಾನ್ರೇ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳ್ತೀರಾ, ತಲೆ ನೋಯ್ತಿದೆ” ಎಂದರೆ ಸಾಕು. ಅನೇಕ ಹಿರಿಯರಿಗೆ ಸದ್ದು ತಗ್ಗಿಸುವ ಗುಂಡಿ ಎಲ್ಲಿದೆಯೆಂಬುದೇ ತಿಳಿದಿರುವುದಿಲ್ಲ, ತೋರಿಸಿಕೊಟ್ಟರೆ ಸಂತೋಷವನ್ನೇ ಪಡುತ್ತಾರೆ. ಹುಡುಗರಾದರೆ “ತಮ್ಮಾ, ಇಯರ್‌ಫೋನ್ ಇದ್ರೆ ಹಾಕ್ಕೊಳಪ್ಪ” ಎನ್ನಿ. ಒಮ್ಮೆ ಹೇಳಿಯೂ ಕೇಳದಿದ್ದರೆ ಎರಡನೆಯ ಸಲ ನೀವೇ ಹೇಳದೆ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ ತಿಳಿಸಿ, ಅದು ಅವರ ಕೆಲಸ.

ಒಂದು ಸಂದರ್ಭವನ್ನು ಮಾತ್ರ ಇದರಿಂದ ಹೊರಗಿಡುತ್ತೇನೆ. ಮಡಿಲಲ್ಲಿ ಅಳುವ ಮಗು, ಕಾಲಡಿಯಲ್ಲಿ ಬ್ಯಾಗು, ನಿಂತವರ ಒತ್ತಡ ಇವುಗಳ ನಡುವೆ ತಾಯಿಯೊಬ್ಬರು ಮಗುವಿನ ಕೈಗೆ ಮೊಬೈಲು ಕೊಟ್ಟಿದ್ದರೆ ಸದ್ದು ತಗ್ಗಿಸಲು ಹೇಳಿ, ಆರಿಸಲು ಹೇಳಬೇಡಿ. ಆರಿಸಿದ ಮೇಲೆ ಬರುವ ಸದ್ದು ಅದಕ್ಕಿಂತ ದೊಡ್ಡದು.