ಕೊನೆಯ ಸಾಲಿನ ಗೆಟ್‌ಸಿಎಚ್: ಕಲಬುರಗಿಯ ಲ್ಯಾಬ್‌ಗಳಲ್ಲಿ ಕೋಡ್ ಕೈಬದಲಾದ ಕತೆ

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವರ ಹಳೆಯ ಲ್ಯಾಬ್ ರೆಕಾರ್ಡ್ ಸಿಕ್ಕರೆ ತೆರೆದು ನೋಡಿ. ಸಿ ಭಾಷೆಯ ಪ್ರೋಗ್ರಾಂಗಳ ಕೊನೆಗೆ ಗೆಟ್‌ಸಿಎಚ್ ಅನ್ನುವ ಸಾಲು ಕಾಣಿಸುತ್ತದೆ. ಮೊದಲ ವರ್ಷದಲ್ಲಿ ಸೀನಿಯರ್ ಒಬ್ಬರನ್ನು ಕೇಳಿದ್ದೆ. "ಅಣ್ಣಾ, ಇದು ಯಾಕ ಬೇಕು?"

"ಹಾಕಲಿಲ್ಲಂದ್ರ ಔಟ್‌ಪುಟ್ ಕಾಣಂಗಿಲ್ಲ ತಮ್ಮಾ. ಸುಮ್ನ ಹಾಕು."

ಹಾಕಿದೆ. ಮುಂದಿನ ವರ್ಷ ನನ್ನ ಜೂನಿಯರ್‌ಗೂ ಅದನ್ನೇ ಹೇಳಿದೆ.

ಅಣ್ಣ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ನಾವು ಸಿ ಪ್ರೋಗ್ರಾಂ ಬರೆದು ಓಡಿಸುತ್ತಿದ್ದದ್ದು ಟರ್ಬೋ ಸಿ ಎಂಬ ತಂತ್ರಾಂಶದಲ್ಲಿ. ಬೋರ್ಲ್ಯಾಂಡ್ ಕಂಪನಿ ಅದನ್ನು ತಂದದ್ದು 1987ರಲ್ಲಿ, ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದಲ್ಲಿ. ಕಂಟ್ರೋಲ್ ಎಫ್‌9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಅದೇ ನೀಲಿ ಪರದೆ. ಉತ್ತರ ಬಂದಿರುತ್ತದೆ, ನೋಡಲು ಸಿಗುವುದಿಲ್ಲ. ಯಾರೋ ಬುದ್ಧಿವಂತರು ಉಪಾಯ ಮಾಡಿದರು: ಕೊನೆಗೆ ಗೆಟ್‌ಸಿಎಚ್ ಹಾಕಿದರೆ ಒಂದು ಕೀ ಒತ್ತುವವರೆಗೂ ಪರದೆ ನಿಲ್ಲುತ್ತದೆ. ಹಿಂದಿನ ಸಲದ ಔಟ್‌ಪುಟ್ ಹಾಗೇ ಉಳಿದಿರುತ್ತದಲ್ಲ, ಅದನ್ನು ಒರೆಸಲು ಶುರುವಿಗೆ ಕ್ಲಿಯರ್ ಸ್ಕ್ರೀನ್. ನಿಜ ಹೇಳಬೇಕೆಂದರೆ ಆಲ್ಟ್ ಎಫ್‌5 ಒತ್ತಿದ್ದರೆ ಔಟ್‌ಪುಟ್ ಹಾಗೇ ಕಾಣುತ್ತಿತ್ತು. ನಾಲ್ಕು ವರ್ಷದಲ್ಲಿ ಒಬ್ಬರೂ ಅದನ್ನು ಹೇಳಿಕೊಡಲಿಲ್ಲ!

ಈ ಎರಡೂ ಸಾಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಿದ್ದ, ಪ್ರೋಗ್ರಾಂನ ಶುರುವಿಗೆ ಸೇರಿಸಿಕೊಳ್ಳುವ ಕೋನಿಯೋ ಎಂಬ ಫೈಲು ಸಿ ಭಾಷೆಯ ಭಾಗವೇ ಅಲ್ಲ. 1989ರಲ್ಲಿ ಸಿ ಭಾಷೆಗೆ ಅಧಿಕೃತ ಮಾನದಂಡ ಬಂತು. ಅದರಲ್ಲಿ ಕೋನಿಯೋ ಇಲ್ಲ. ಪ್ರೋಗ್ರಾಂ ಶುರುವಾಗುವ ಜಾಗದಲ್ಲಿ ನಾವು ಶ್ರದ್ಧೆಯಿಂದ ಬರೆಯುತ್ತಿದ್ದ ವಾಯ್ಡ್ ಮೇನ್ ಕೂಡ ಇಲ್ಲ, ಅಲ್ಲಿರುವುದು ಇಂಟ್ ಮೇನ್.

ಹಾಗಾದರೆ ಇವು ಇಷ್ಟು ವರ್ಷ ಉಳಿದದ್ದು ಹೇಗೆ? ನನ್ನ ಪ್ರಕಾರ ಝೆರಾಕ್ಸ್ ಅಂಗಡಿಯಿಂದ. ಈ ಭಾಗಕ್ಕೆ ಎಂಜಿನಿಯರಿಂಗ್ ಕಾಲೇಜು ಹೊಸದಲ್ಲ, ಪಿಡಿಎ ಕಾಲೇಜು 1958ರಲ್ಲೇ ಶುರುವಾಗಿದೆ. ಆದರೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದ ಮೇಲೆ ಬೀದರ್‌ನಿಂದ ಮಂಗಳೂರಿನವರೆಗೆ ಒಂದೇ ಸಿಲಬಸ್, ಲ್ಯಾಬ್‌ಗೂ ಒಂದೇ ಪ್ರೋಗ್ರಾಂ ಪಟ್ಟಿ. ಪರೀಕ್ಷೆ ದಿನ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಂ ಬರೆದು ಓಡಿಸಿ ತೋರಿಸಬೇಕು. ಪಟ್ಟಿ ಮೊದಲೇ ಗೊತ್ತಿದ್ದರೆ ಬಾಯಿಪಾಠ ಮಾಡುವುದೇ ಜಾಣತನ ಅಲ್ವಾ? ಸೀನಿಯರ್ ರೆಕಾರ್ಡು ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮ್ಯಾನುವಲ್ ಆಯಿತು. ನಮ್ಮ ಕಡೆ ಹಂಚಿಕೊಳ್ಳುವುದಕ್ಕೆ ಯಾವತ್ತೂ ಬರ ಇರಲಿಲ್ಲ. ಉತ್ತರವನ್ನು ಧಾರಾಳವಾಗಿ ಹಂಚಿದೆವು, ಕಾರಣ ಮಾತ್ರ ಪುಟದ ಆಚೆಯೇ ಉಳಿಯಿತು.

ಇದರ ಪೆಟ್ಟು ತಿಂದದ್ದು ಗ್ರಾಫಿಕ್ಸ್ ಪ್ರೋಗ್ರಾಂನಲ್ಲಿ. ಚಿತ್ರ ಬಿಡಿಸಲು ಬೇಕಾದ ಫೈಲುಗಳು ಎಲ್ಲಿವೆ ಎಂದು ಕೋಡ್‌ನಲ್ಲೇ ಹೇಳಬೇಕು. ಸೀನಿಯರ್ ಕೋಡ್‌ನಲ್ಲಿ ಸಿ ಡ್ರೈವಿನ ಟಿಸಿ ಫೋಲ್ಡರ್ ಹೆಸರಿತ್ತು. ನನ್ನ ಮುಂದಿದ್ದ ಕಂಪ್ಯೂಟರ್‌ನಲ್ಲಿ ಅದು ಟರ್ಬೋಸಿ3. ವೃತ್ತ ಮೂಡಬೇಕಾದಲ್ಲಿ "ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್". ಒಂದೊಂದು ಅಕ್ಷರ ಮ್ಯಾನುವಲ್ ಜೊತೆ ಹೋಲಿಸಿದೆ, ಎಲ್ಲಾ ಸರಿಯಾಗಿಯೇ ಇತ್ತು. ತೊಂದರೆಯೇ ಅದು. ಆಮೇಲೆ ಲ್ಯಾಬ್‌ಗೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಂತು. ಅಲ್ಲಿನ ಸಿ ಕಂಪೈಲರ್ ಜಿಸಿಸಿ ಮೊದಲ ಸಾಲಿಗೇ ಕೋನಿಯೋ ಫೈಲು ಇಲ್ಲ ಎಂದು ನಿಂತುಬಿಟ್ಟಿತು. ಇಡೀ ಮ್ಯಾನುವಲ್ ಒಂದೇ ದಿನಕ್ಕೆ ರದ್ದಿ.

ಹೊರಗಿನ ಪ್ರಪಂಚ ಈ ಕಾಯಿಲೆಗೆ ಮದ್ದು ಹುಡುಕಿ ಆಗಲೇ ಬಹಳ ಕಾಲವಾಗಿತ್ತು. ಐಬಿಎಂನ ಮೈಕಲ್ ಫೇಗನ್ 1976ರಲ್ಲೇ ಒಂದು ಪದ್ಧತಿ ಪ್ರಕಟಿಸಿದ್ದರು: ನಾಲ್ಕು ಜನ ಕೂತು ಕೋಡನ್ನು ಓದಿ, ಓಡಿಸುವ ಮೊದಲೇ ತಪ್ಪು ಹಿಡಿಯುವುದು. 2005ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದರು. ಅದರಲ್ಲಿ ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ ಅಂಟಿಕೊಳ್ಳುತ್ತದೆ, ಯಾವ ಸಾಲು ಯಾರದು ಎಂದು ತೋರಿಸುವ ಬ್ಲೇಮ್ ಎಂಬ ಆಜ್ಞೆಯೂ ಇದೆ. ಹೆಸರು ಸ್ವಲ್ಪ ಒರಟು, ಬಿಡಿ. 2008ರಲ್ಲಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಎರಡೂ ಬಂದವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೋಡ್ ರಿವ್ಯೂಗೆ, ಅಂದರೆ ಬೇರೆಯವರು ಓದಿ ಪರಿಶೀಲಿಸಲು, ಹೋಯಿತು. ಒಂದು ಸಾಲಿನ ಪಕ್ಕ ಹಿರಿಯರೊಬ್ಬರು ಕೇಳಿದ್ದರು, "ಇದು ಯಾಕೆ ಬೇಕು?" ನಾನು ಅಣ್ಣನಿಗೆ ಕೇಳಿದ ಅದೇ ಪ್ರಶ್ನೆ. "ಮೊದಲಿನಿಂದಲೂ ಇತ್ತು" ಎಂದು ಬರೆದೆ. ವಾಪಸ್ ಬಂತು.

ಈಗ ಝೆರಾಕ್ಸ್ ಅಂಗಡಿಯ ಜಾಗದಲ್ಲಿ 2022ರ ಕೊನೆಗೆ ಬಂದ ಚಾಟ್‌ಜಿಪಿಟಿ ಇದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ಅದರಿಂದ ತೆಗೆದ ಸಿ ಪ್ರೋಗ್ರಾಂ ತೋರಿಸಿದ. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್ ಸಾಲಿನಲ್ಲಿ, ಒಂದು ಅಕ್ಷರ ಓದು ಎನ್ನುವ ಪರ್ಸೆಂಟ್ ಸಿ ಗುರುತಿಗಿಂತ ಮೊದಲು ಒಂದು ಖಾಲಿ ಜಾಗ ಇತ್ತು. ಯಾಕೋ ಇದು ಎಂದೆ.

"ಅದು ಕೊಟ್ಟಿದ್ದೇ ಹಂಗ, ಮಾಮಾ."

"ಅಳಿಸಿ ನೋಡು."

ಅಳಿಸಿ ಓಡಿಸಿದ. ಮೊದಲು ಸಂಖ್ಯೆ ಕೇಳಿತು, ಕೊಟ್ಟ. ಆಮೇಲೆ ಅಕ್ಷರ ಕೇಳಿ, ಟೈಪ್ ಮಾಡಲು ಬಿಡದೆ ಪ್ರೋಗ್ರಾಂ ಮುಗಿದೇಹೋಯಿತು. ಮತ್ತೆ ಓಡಿಸಿದ, ಮತ್ತೆ ಹಾಗೇ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ.

"ಮಾಮಾ," ಎಂದ ಕೊನೆಗೆ, "ನಾ ಎಂಟರ್ ಒತ್ತಿದ್ನಲ್ಲ, ಅದನ್ನೇ ಅಕ್ಷರ ಅಂತ ತಗೊಂಡದ ಇದು!"