ಸೊಂಟದ ಆಪರೇಷನ್‌ಗೆ ಇನ್ನೊಂದು ಸೂಜಿ ಯಾಕೆ?

"ಬೆನ್ನಿಗೆ ಸೂಜಿ ಹಾಕ್ತೀರಲ್ರೀ ಡಾಕ್ಟ್ರ, ಮತ್ತ ತೊಡಿ ಸಂದಿಗ್ಯಾಕ ಇನ್ನೊಂದು?" ಸೊಂಟದ ಕೀಲು ಬದಲಿ ಆಪರೇಷನ್‌ಗೆ ಬರುವ ನಮ್ಮ ವಿಜಯಪುರದ ಮಂದಿ ಅರಿವಳಿಕೆ ವೈದ್ಯನಾದ ನನಗೆ ಕೇಳುವ ಪ್ರಶ್ನೆ ಇದು. ಕೇಳಲೇಬೇಕಾದ ಪ್ರಶ್ನೆ.

ಬೆನ್ನಿನ ಸೂಜಿಯಿಂದ ಆಪರೇಷನ್ ಮುಗಿಯುತ್ತದೆ. ಆದರೆ ಕೆಲವೇ ಗಂಟೆಯಲ್ಲಿ ಅದು ಇಳಿಯುತ್ತದೆ. ನೋವು ಜೋರಾಗುವುದು ಆಮೇಲೆ, ಮೊದಲ ರಾತ್ರಿ. ಬರೀ ಮಾರ್ಫಿನ್‌ನಂಥ ಔಷಧಿಯನ್ನೇ ನಂಬಿದರೆ ವಯಸ್ಸಾದವರಿಗೆ ವಾಂತಿ, ಮಂಪರು, ಮಲಬದ್ಧತೆ ಕಾಡುತ್ತವೆ. ಕೆಲವರಿಗೆ ಉಸಿರೂ ನಿಧಾನವಾಗುತ್ತದೆ. ಅದಕ್ಕೇ ಈ ಇನ್ನೊಂದು ಸೂಜಿ. ಇದು ನರದ ಬ್ಲಾಕ್, ಅಂದರೆ ನೋವು ಸಾಗಿಸುವ ನರವನ್ನು ಔಷಧಿಯಿಂದ ಮರಗಟ್ಟಿಸುವುದು. ಇದನ್ನು ಕೊಟ್ಟರೆ ಮಾರ್ಫಿನ್‌ನಂಥ ಔಷಧಿ ಕಡಿಮೆ ಸಾಕು.

ಸೊಂಟದ ಕೀಲಿನ ಮುಂಭಾಗಕ್ಕೆ ಫೀಮೊರಲ್, ಆಬ್ಟುರೇಟರ್ ನರಗಳ ಕವಲುಗಳು ಬರುತ್ತವೆ. ಫೀಮೊರಲ್ ನರವನ್ನೇ ಮರಗಟ್ಟಿಸಿದರೆ ನೋವಿನ ಜೊತೆ ತೊಡೆಯ ಬಲವೂ ಹೋಗುತ್ತದೆ, ಎದ್ದಾಗ ಮೊಣಕಾಲು ಕುಸಿಯುತ್ತದೆ. 2018ರಲ್ಲಿ ಕೆನಡಾದ ವೈದ್ಯರು ಕೀಲಿಗೆ ಬರುವ ಕವಲುಗಳನ್ನಷ್ಟೇ ಮರಗಟ್ಟಿಸುವ ಪೆಂಗ್ (PENG) ಬ್ಲಾಕ್ ವಿವರಿಸಿದ ಮೇಲೆ ಈ ತೊಡಕು ಕಡಿಮೆಯಾಯಿತು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ, ಕೀಲಿನ ಮುಂದಿನ ಮೂಳೆಯ ಮೇಲೆ ಸುಮಾರು 20 ಮಿಲಿ ಔಷಧಿ ಬಿಡುತ್ತೇವೆ. ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ. ಪೂರ್ತಿ ಉಳಿದೇ ಉಳಿಯುತ್ತದೆ ಅಂತಲ್ಲ. ಔಷಧಿ ಹರಡಿದರೆ ಕಾಲು ಸೋಲಬಹುದು. ನಮ್ಮ ಹಿರಿಯರು "ಮಂದಿಗ್ಯಾಕ ತ್ರಾಸು" ಅಂತ ರಾತ್ರಿ ಯಾರನ್ನೂ ಎಬ್ಬಿಸದೆ ಬಾತ್‌ರೂಮಿಗೆ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಸಿಸ್ಟರನ್ನು ಕರೆಯಿರಿ.

ಈ ಬ್ಲಾಕ್‌ನಿಂದ ಚರ್ಮದ ಗಾಯದ ನೋವು ಹೋಗುವುದಿಲ್ಲ. ಕೀಲಿನ ಹಿಂಭಾಗದ ನೋವೂ ಅಷ್ಟೇ. ಹಾಗಾಗಿ ಪ್ಯಾರಾಸಿಟಮಾಲ್ ಜೊತೆಗೆ ಬೇಕೇ ಬೇಕು. ನನಗೆ ಹೆಚ್ಚು ಚಿಂತೆ ಇಲ್ಲೇ. ಸಂಜೆ ಆರಾಮ ಇರುತ್ತದೆ, "ನೋವಿಲ್ಲ, ಗುಳಿಗಿ ಯಾಕ?" ಅಂತ ಬಿಟ್ಟುಬಿಡುತ್ತಾರೆ. ನಡುರಾತ್ರಿ ಬ್ಲಾಕ್ ಇಳಿದಾಗ ನೋವು ಒಮ್ಮೆಲೇ ಏರುತ್ತದೆ. ಏರಿದ ನೋವನ್ನು ಇಳಿಸುವುದು ಕಷ್ಟ, ಅದಕ್ಕೆ ಔಷಧಿಯೂ ಜಾಸ್ತಿ ಬೇಕು. ಗುಳಿಗೆಯನ್ನು ಗಡಿಯಾರ ನೋಡಿ ತಗೊಳ್ಳಿ, ನೋವು ನೋಡಿ ಅಲ್ಲ. ಕಿಡ್ನಿ ತೊಂದರೆ ಇದ್ದವರಂತೂ ಅಂಗಡಿಯಿಂದ ಬೇರೆ ನೋವಿನ ಗುಳಿಗೆ ತರಿಸಿಕೊಳ್ಳಬಾರದು.

ಸೂಜಿ ಹಾಕುವಾಗ ಕಿವಿ ಗುಂಯ್ ಅಂದರೆ, ತುಟಿ ಜುಮ್ಮೆಂದರೆ ತಕ್ಷಣ ಹೇಳಿ. ಔಷಧಿ ರಕ್ತಕ್ಕೆ ಹೆಚ್ಚು ಸೇರಿದರೆ ಮೊದಲು ಹೀಗಾಗುವುದುಂಟು. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಆಪರೇಷನ್‌ಗೆ ಸಾಕಷ್ಟು ದಿನ ಮೊದಲೇ ತಿಳಿಸಿ. ಚೀಟಿ ಸಿಗದಿದ್ದರೆ ಗುಳಿಗೆಯ ಖಾಲಿ ಸ್ಟ್ರಿಪ್ಪನ್ನೇ ತಂದು ತೋರಿಸಿ.