ಕಂಪನಿ ಕಟ್ಟುವ ವಿಮೆ ದುಡ್ಡು ನಿಜಕ್ಕೂ ಯಾರ ಜೇಬಿನದು?

ಪ್ರಶ್ನೆ: ನನ್ನ ಆರೋಗ್ಯ ವಿಮೆಗೂ ಪಿಂಚಣಿಗೂ ಕಂಪನಿಯೇ ದುಡ್ಡು ಕಟ್ಟುತ್ತದೆ. ಅದು ಸಂಬಳದ ಮೇಲೆ ಸಿಗುವ ಲಾಭ ಅಲ್ವಾ?

ಉತ್ತರ: ನೋಡಲು ಹಾಗೆ ಕಾಣುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ನಿಮ್ಮ ಸಂಬಳದಿಂದಲೇ ಹೋಗಿರುತ್ತದೆ.

ಕೆಲಸ ಕೊಡುವವರು ಬರೀ ಸಂಬಳ ನೋಡುವುದಿಲ್ಲ. ಒಬ್ಬರನ್ನು ಇಟ್ಟುಕೊಂಡರೆ ಒಟ್ಟು ಎಷ್ಟು ಖರ್ಚು ಬೀಳುತ್ತದೆ ಅಂತ ನೋಡುತ್ತಾರೆ. ಸಂಬಳ 100, ವಿಮೆ 12 ಎಂದುಕೊಳ್ಳಿ. ಆ ಕೆಲಸದಿಂದ 112 ಹುಟ್ಟದಿದ್ದರೆ ಆ ಹುದ್ದೆಯೇ ಇರುವುದಿಲ್ಲ. ನಾಳೆ ವಿಮೆ 17 ಆಯಿತು ಅಂದರೆ ತಕ್ಷಣ ಯಾರೂ ಸಂಬಳ ಕತ್ತರಿಸುವುದಿಲ್ಲ. ಮುಂದಿನ ಇನ್‌ಕ್ರಿಮೆಂಟ್ ಸಣ್ಣದಾಗುತ್ತದೆ, ಹೊಸಬರ ಆಫರ್ ಇಳಿಯುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹೊರೆ ಕೆಲಸಗಾರರ ಮೇಲೇ ಯಾಕೆ? ಸಂಬಳ ಸ್ವಲ್ಪ ಇಳಿಯಿತು ಅಂತ ಮನೆ ನಡೆಸುವವರು ದುಡಿಯುವುದನ್ನು ಬಿಡಲಾಗುವುದಿಲ್ಲ. ನಿವೃತ್ತಿ ಹತ್ತಿರ ಇರುವವರು ಬಿಡಬಹುದು. ಬಿಡಲಾಗದವರೇ ಜಾಸ್ತಿ.

1981ರಲ್ಲಿ ಚಿಲಿ ದೇಶ ಪಿಂಚಣಿ ವ್ಯವಸ್ಥೆ ಬದಲಿಸಿದಾಗ, ಕೆಲಸಗಾರರ ಸಂಬಳದ ಲೆಕ್ಕದಲ್ಲಿ ಮಾಲೀಕರು ಕಟ್ಟಬೇಕಿದ್ದ ತೆರಿಗೆ ಬಹಳ ಇಳಿಯಿತು. ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ ಅಲ್ಲಿನ ಕಾರ್ಖಾನೆಗಳ ಲೆಕ್ಕ ತೆಗೆದು ನೋಡಿದರು. ಹೀಗೆ ಮಾಲೀಕರಿಗೆ ಉಳಿತಾಯವಾದ ದುಡ್ಡು ಹೆಚ್ಚುಕಡಿಮೆ ಪೂರ್ತಿ ಸಂಬಳಕ್ಕೆ ಸೇರಿತ್ತು. ಕೆಲಸಗಳ ಸಂಖ್ಯೆ ಅಷ್ಟೇನೂ ಬದಲಾಗಿರಲಿಲ್ಲ.

ಅವರದೇ ಇನ್ನೊಂದು ಅಧ್ಯಯನ ಸ್ವಲ್ಪ ಕಹಿ. 1970ರ ದಶಕದಲ್ಲಿ ಅಮೆರಿಕದಲ್ಲಿ, ಆರೋಗ್ಯ ವಿಮೆ ಹೆರಿಗೆ ಖರ್ಚನ್ನೂ ಭರಿಸಲೇಬೇಕು ಎಂಬ ಕಾನೂನುಗಳು ಬಂದವು. ಆ ಖರ್ಚು ಬಹುಪಾಲು ಹೋದದ್ದು ಮಕ್ಕಳಾಗುವ ವಯಸ್ಸಿನ ವಿವಾಹಿತ ಮಹಿಳೆಯರ ಸಂಬಳದಿಂದ. ಅನುಕೂಲ ಅವರಿಗೆ, ಬಿಲ್ಲೂ ಅವರಿಗೇ! ನನಗಂತೂ ಇದು ನ್ಯಾಯ ಅನಿಸುವುದಿಲ್ಲ. ಆದರೆ ಅವರ ಕೆಲಸಗಳು ಹೋಗಲಿಲ್ಲ. ಸೌಲಭ್ಯ ಬೇಕಿದ್ದವರು ಕಡಿಮೆ ಸಂಬಳಕ್ಕೂ ಒಪ್ಪುತ್ತಾರೆ. ಯಾರಿಗೂ ಬೇಡದ ಸೌಲಭ್ಯವಾದರೆ ಅದು ಸುಮ್ನೆ ತೆರಿಗೆ ಇದ್ದ ಹಾಗೆ, ಆಗ ಕೆಲ ಕೆಲಸಗಳೇ ಕಡಿಮೆಯಾಗುತ್ತವೆ.

ಕನಿಷ್ಠ ವೇತನ ಪಡೆಯುವವರ ಕಥೆ ಬೇರೆ. ಅವರ ಸಂಬಳ ಇಳಿಸಲು ಕಾನೂನು ಬಿಡುವುದಿಲ್ಲ. ಹಾಗಾಗಿ ಖರ್ಚು ಏರಿದರೆ ಕೆಲಸದ ಗಂಟೆ ಕಡಿತವಾಗಬಹುದು, ಹೊಸ ನೇಮಕ ನಿಲ್ಲಬಹುದು, ಇಲ್ಲವೇ ಮಾಲೀಕರ ಲಾಭ ಕರಗಬಹುದು. ಸುತ್ತಮುತ್ತ ಕೆಲಸ ಕೊಡುವವರು ಒಬ್ಬಿಬ್ಬರೇ ಇದ್ದು, ಮೊದಲಿನಿಂದಲೂ ಕಡಿಮೆ ಕೊಟ್ಟು ದುಡಿಸಿಕೊಳ್ಳುತ್ತಿದ್ದರೆ ಈ ಕೊನೆಯದಕ್ಕೇ ಅವಕಾಶ ಜಾಸ್ತಿ.